ನಮಗೆ ನಾವೇ ಅಂಕ ಕೊಟ್ಟುಕೊಂಡೆವು, ಸರಾಸರಿ 4.6 ಬಂತು. ನಂಬೋಕೆ ಆಗ್ತಿಲ್ಲ

ಬಾಗಿಲುಕಾಯುವವಳು

ಮಕ್ಕಳ ಪಾಲನಾ ಕೇಂದ್ರವೊಂದರ ಮೇಲ್ವಿಚಾರಕಿ ನಾನು. 42 ಮಕ್ಕಳು, ನಾಲ್ಕು ಕೋಣೆ, ಎಂಟು ಜನ ಆರೈಕೆದಾರರು. ಹೋದ ತಿಂಗಳು ಮೊದಲ ಸಲ ಸ್ವಮೌಲ್ಯಮಾಪನ ಮಾಡಿಸಿದೆ. ಅಲ್ಲಿ ಇಲ್ಲಿ ನೋಡಿ ನಾನೇ 60 ಪ್ರಶ್ನೆ ಹೊಂದಿಸಿದ್ದೆ, ಒಂದೊಂದಕ್ಕೂ 1ರಿಂದ 5 ಅಂಕ. ಎಲ್ಲರೂ ತುಂಬಿದರು, ನಾನೂ ತುಂಬಿದೆ. ಸರಾಸರಿ 4.6! ಆ ಸಂಜೆ ಎಲ್ಲರ ಮುಖದಲ್ಲೂ ಕಳೆ.

ಮೂರು ದಿನ ಆದಮೇಲೆ ಒಬ್ಬರು ರಜೆ ಹಾಕಿದರು, ಎರಡರಿಂದ ಮೂರು ವರ್ಷದವರ ಕೋಣೆಯಲ್ಲಿ ನಾನೇ ನಿಂತೆ. ಅಲ್ಲಿ ಒಬ್ಬ ಹುಡುಗ. ಅಳಲ್ಲ, ಹೊಡೆಯಲ್ಲ, ಕಿಟಕಿ ಪಕ್ಕ ಕೂತು ಒಂದು ಗಾಲಿ ತಿರುಗಿಸ್ತಾ ಇರ್ತಾನೆ. ಒಂಬತ್ತೂವರೆಯಿಂದ ಹನ್ನೊಂದರವರೆಗೆ ದೊಡ್ಡವರು ಒಬ್ಬರೂ ಅವನನ್ನು ಹೆಸರು ಹಿಡಿದು ಮಾತಾಡಿಸಲಿಲ್ಲ. ಆ ದೊಡ್ಡವರಲ್ಲಿ ನಾನೂ ಇದ್ದೆ, ಹನ್ನೊಂದಕ್ಕೆ ಹೊಳೆಯಿತು ಅಷ್ಟೆ. ನಮ್ಮ ಪ್ರಶ್ನೆ 14: "ಪ್ರತಿ ಮಗುವಿನೊಂದಿಗೆ ಆತ್ಮೀಯವಾಗಿ ಮಾತನಾಡುತ್ತೇವೆ." ಒಂಬತ್ತು ಜನರಲ್ಲಿ ಒಂಬತ್ತೂ ಜನ 5 ಹಾಕಿದ್ದೆವು.

ಯಾರೂ ಸುಳ್ಳು ಬರೆದಿಲ್ಲ, ಅದು ನನಗೆ ಗ್ಯಾರಂಟಿ. ಹಾಗಾದರೆ ಎಡವಿದ್ದು ಎಲ್ಲಿ? ಮಾಡಿ ನೋಡಿದವರು ಹೇಳಿ.

ಒಂಟಿಮೇಜು

ಹೆತ್ತವರಿಗೆ ಹೆಗ್ಗಣ ಮುದ್ದು. ಹೊರಗಿನವರನ್ನು ಕರೆಸಿ ನೋಡಿಸಿ, ಮುಗಿಯಿತು.

ಪೆನ್ಸಿಲ್‌ತುದಿ

ಹೊರಗಿನವರು ವರ್ಷಕ್ಕೊಮ್ಮೆ ಬರುತ್ತಾರೆ, ಆವತ್ತು ಎಲ್ಲ ಕಡೆಯೂ ಹಬ್ಬ. ಹೊರಗಿನ ಕಣ್ಣು ಬೇಡ ಅನ್ನುತ್ತಿಲ್ಲ, ಆದರೆ ಇಲ್ಲಿ ಕೆಟ್ಟಿರುವುದು ಕಣ್ಣಲ್ಲ, ಪ್ರಶ್ನೆ.

"ಆತ್ಮೀಯವಾಗಿ ಮಾತನಾಡುತ್ತೇವೆ" ಅನ್ನುವುದಕ್ಕೆ ಯಾರು 2 ಹಾಕುತ್ತಾರೆ? ನೀವು ಅವರ ಮನಸ್ಸಿನ ಬಗ್ಗೆ ಕೇಳಿದ್ದೀರಿ, ಅವರು ಮನಸ್ಸಿಗೆ ಅಂಕ ಕೊಟ್ಟಿದ್ದಾರೆ. ಕೇಳಬೇಕಿದ್ದದ್ದು ಮಗುವಿಗೆ ಆ ಬೆಳಗ್ಗೆ ಏನು ಸಿಕ್ಕಿತು ಅಂತ.

ನಾನು ಕೆಲ ವರ್ಷ ತರಗತಿ ವೀಕ್ಷಣೆಯ ಕೆಲಸ ಮಾಡಿದ್ದೇನೆ. ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗೋಲು ಈಸರ್ಸ್. ಅಮೆರಿಕದಲ್ಲಿ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ 1980ರಲ್ಲಿ ಹೊರತಂದದ್ದು, 1998ರಲ್ಲಿ ಪರಿಷ್ಕರಣೆ ಆಯಿತು, ಈಗ ಮೂರನೆಯ ಆವೃತ್ತಿ ನಡೆಯುತ್ತಿದೆ. ಅದರಲ್ಲಿ 35 ಅಂಶ, ಒಂದೊಂದಕ್ಕೂ 1ರಿಂದ 7. 1 ಅಂದರೆ ಸಾಲದು, 3 ಕನಿಷ್ಠ, 5 ಒಳ್ಳೆಯದು, 7 ಉತ್ಕೃಷ್ಟ. ವೀಕ್ಷಕರು ಮೂರು ಗಂಟೆ ಕೋಣೆಯಲ್ಲಿ ಕೂರಬೇಕು, ಕಂಡದ್ದಕ್ಕೆ ಮಾತ್ರ ಅಂಕ.

ನಿಮಗೆ ಬೇಕಾದ್ದು ಅದರ ಅಂಕ ಹಾಕುವ ರೀತಿ. ಪ್ರತಿ ಅಂಶದ ಕೆಳಗೆ ಹೌದು/ಇಲ್ಲ ಅನ್ನುವಂಥ ಸಣ್ಣ ಸಣ್ಣ ಸೂಚಕಗಳಿರುತ್ತವೆ. 1ರ ಕೆಳಗಿನ ಸೂಚಕಗಳು ಕೊರತೆಗಳು, ಅದರಲ್ಲಿ ಒಂದೇ ಒಂದಕ್ಕೆ "ಹೌದು" ಬಂದರೂ ಅಂಕ 1. 3ರ ಕೆಳಗಿನವೆಲ್ಲ ಹೌದಾದರೆ 3. 3ರವೆಲ್ಲ ಇದ್ದು 5ರಲ್ಲಿ ಅರ್ಧ ಇದ್ದರೆ 4. ಮೇಲಿನದು ಎಷ್ಟೇ ಚೆಂದ ಇರಲಿ, ಕೆಳಗಿನ ಮೆಟ್ಟಿಲು ಒಡೆದಿದ್ದರೆ ಹತ್ತುವ ಹಾಗಿಲ್ಲ. ಗೋಡೆ ತುಂಬ ಚಿತ್ರ ಅಂಟಿಸಿ, ಡೈಪರ್ ಬದಲಿಸಿದ ಮೇಲೆ ಕೈ ತೊಳೆಯದಿದ್ದರೆ ಗೋಡೆ ನಿಮ್ಮನ್ನು ಕಾಪಾಡಲ್ಲ. ಸರಾಸರಿಯಲ್ಲಿ ಕಾಪಾಡುತ್ತದೆ, ಅದಕ್ಕೇ ನಿಮಗೆ 4.6 ಬಂದದ್ದು.

ಆಸ್ಟ್ರೇಲಿಯಾದವರು 2012ರಿಂದ ನಡೆಸುತ್ತಿರುವ ಪದ್ಧತಿಯಲ್ಲೂ ಇದೇ ಲೆಕ್ಕಾಚಾರ. ಏಳು ಗುಣಮಟ್ಟ ಕ್ಷೇತ್ರಗಳಿವೆ. ಆರರಲ್ಲಿ ಮಟ್ಟ ಮುಟ್ಟಿ ಒಂದರಲ್ಲಿ "ಇನ್ನೂ ಮುಟ್ಟುತ್ತಿದ್ದಾರೆ" ಎಂದಾದರೆ ಇಡೀ ಕೇಂದ್ರಕ್ಕೆ ಆ ಕೆಳಗಿನ ದರ್ಜೆಯೇ.

ಮೂರನೇಕೋಣೆ

ಮೇಡಂ, ನಾನು ನಿಮ್ಮ ಕೇಂದ್ರದವಳಲ್ಲ. ಆದ್ರೆ ಆ 5 ಹಾಕಿದವರಲ್ಲಿ ನಾನೂ ಒಬ್ಬಳು ಅಂದ್ಕೊಳ್ಳಿ, ಯಾಕಂದ್ರೆ ನಮ್ಮಲ್ಲೂ ಇದೇ ಆಗಿದೆ.

ಫಾರಂ ಕೊಟ್ಟಾಗ ನಾವು ಮೊದಲು ನೋಡೋದು ಪ್ರಶ್ನೆ ಅಲ್ಲ. ಇದನ್ನ ಓದೋದು ಯಾರು, ಸಂಬಳ ಏರಿಸೋದು ಯಾವ ತಿಂಗಳು, ಇವೆರಡು. ನಮ್ಮ ಕಡೆ ಒಂದು ವರ್ಷ ಒಬ್ಬಳು ಹುಡುಗಿ ನಿಯತ್ತಾಗಿ ಬರೆದಳು, "ಊಟದ ಹೊತ್ತಲ್ಲಿ ನಾನು ಮಕ್ಕಳ ಮೇಲೆ ರೇಗ್ತೀನಿ" ಅಂತ. ಮುಂದಿನ ವಾರ ಅವಳನ್ನ ಒಬ್ಬಳನ್ನೇ ಕರೆದು "ಸಹನೆ ತರಬೇತಿ"ಗೆ ಹಾಕಿದ್ರು. ಆ ಊಟದ ಹೊತ್ತಲ್ಲಿ ಅವಳ ಹತ್ರ 14 ಮಕ್ಕಳು ಇರ್ತಿದ್ರು, ಜೊತೆಗಾತಿ ಅಡುಗೆಮನೆಗೆ ಹೋಗಿರ್ತಿದ್ಲು. ಅದನ್ನ ಯಾರೂ ಕೇಳ್ಲಿಲ್ಲ. ಅದಾದ ವರ್ಷ ಎಲ್ಲರೂ 5. ಅವಳೂ 5.

ನಿಮ್ಮ ಫಾರಂ ಮೇಲೆ ಹೆಸರು ಬರೆಸಿದ್ರಾ?

ಬಾಗಿಲುಕಾಯುವವಳು

ಬರೆಸಿದ್ದೆ. ಯಾರು ಕೊಟ್ಟಿಲ್ಲ ಅಂತ ಗೊತ್ತಾಗಲಿ ಅನ್ನೋದು ಬಿಟ್ಟರೆ ಬೇರೆ ಉದ್ದೇಶ ಇರಲಿಲ್ಲ. ಈಗ ಓದಿದರೆ ನನಗೇ ಮುಜುಗರ ಆಗ್ತಿದೆ. ಮುಂದಿನ ಸಲ ಹೆಸರು ತೆಗೆದರೆ ಸಾಕೇ?

ಮೂರನೇಕೋಣೆ

ಎಂಟೇ ಜನ ಇರೋ ಕಡೆ ಹೆಸರು ತೆಗೆದ್ರೆ ಏನು ಬಂತು, ಅಕ್ಷರ ನೋಡಿದ್ರೆ ಗೊತ್ತಾಗತ್ತೆ. ಅಂಕ ಆಳಿಗೆ ಬೇಡ, ಕೋಣೆಗೆ ಕೊಡಿ, ಹೊತ್ತಿಗೆ ಕೊಡಿ. "ಮೂರನೇ ಕೋಣೆ, ಊಟಕ್ಕೆ ಮುಂಚಿನ ಅರ್ಧ ಗಂಟೆ ಹೇಗಿತ್ತು" ಅಂದ್ರೆ ನಾನು ಬಾಯಿ ಬಿಡ್ತೀನಿ. "ನೀನು ಹೇಗಿದ್ದೀಯ" ಅಂದ್ರೆ ಚೆನ್ನಾಗಿದ್ದೀನಿ.

ಒಂಟಿಮೇಜು

ಇದನ್ನು ಒಪ್ಪಿದೆ. ಆದರೂ 14 ಮಕ್ಕಳಿಗೆ ಒಬ್ಬಳು ಅನ್ನುವುದು ಸ್ವಮೌಲ್ಯಮಾಪನದಿಂದ ಸರಿಹೋಗುವ ವಿಷಯವಲ್ಲ. ಅದು ದುಡ್ಡಿನ ವಿಷಯ. ಇಂಥ ಕಡೆ "ನಮ್ಮನ್ನು ನಾವು ನೋಡಿಕೊಳ್ಳೋಣ" ಅನ್ನುವುದು ಆಡಳಿತದವರಿಗೆ ಬಹಳ ಅಗ್ಗದ ದಾರಿ.

ಪೆನ್ಸಿಲ್‌ತುದಿ

ಅರ್ಧ ಒಪ್ಪುತ್ತೇನೆ. ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯ 1966ರಲ್ಲಿ ವೈದ್ಯಕೀಯ ಆರೈಕೆಯ ಗುಣಮಟ್ಟವನ್ನು ಮೂರಾಗಿ ವಿಂಗಡಿಸಿದ: ರಚನೆ, ಪ್ರಕ್ರಿಯೆ, ಫಲ. ಆ ವಿಂಗಡಣೆ ಆಮೇಲೆ ಪಾಲನಾ ಕೇಂದ್ರಗಳಿಗೂ ಬಂತು. ಎಷ್ಟು ಮಕ್ಕಳಿಗೆ ಎಷ್ಟು ಜನ, ಅವರ ತರಬೇತಿ, ಕೋಣೆಯ ಜಾಗ, ಇವು ರಚನೆ. ಮಗು ಅತ್ತಾಗ ಯಾರು ಎಷ್ಟು ಬೇಗ ಬಂದರು, ಏನು ಮಾತಾಡಿದರು, ಇದು ಪ್ರಕ್ರಿಯೆ. ಅಮೆರಿಕದ ಎನ್‌ಎಇವೈಸಿ ಎಂಬ ಸಂಸ್ಥೆ 1985ರಿಂದ ಇಂಥ ಕೇಂದ್ರಗಳಿಗೆ ಮಾನ್ಯತೆ ಕೊಡುತ್ತ ಬಂದಿದೆ. ಎಳೆ ಕೂಸುಗಳಿಗೆ ಅವರು ಹೇಳುವ ಅನುಪಾತ ನಾಲ್ಕು ಕೂಸಿಗೆ ಒಬ್ಬರು, ಗುಂಪು ಎಂಟಕ್ಕಿಂತ ದೊಡ್ಡದಿರಬಾರದು. ನಾಲ್ಕು ವರ್ಷದವರಿಗೆ ಹತ್ತಕ್ಕೆ ಒಬ್ಬರು, ಗುಂಪು ಇಪ್ಪತ್ತು.

ರಚನೆ ಕೆಟ್ಟಿದ್ದರೆ ಪ್ರಕ್ರಿಯೆಗೆ ಉಸಿರು ಕಟ್ಟುತ್ತದೆ, ನಿಜ. ಆದರೆ ರಚನೆ ಸರಿಯಿದ್ದೂ ಒಂದೂವರೆ ಗಂಟೆ ಮಾತಿಲ್ಲದೆ ಕೂತ ಮಕ್ಕಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಬಾಗಿಲುಕಾಯುವವಳ ಕೋಣೆಯೂ ಅಂಥದ್ದೇ ಅನಿಸುತ್ತದೆ. ಹಾಗಾಗಿ ನೋಡುವಾಗ ಎರಡು ಪಟ್ಟಿ ಇಟ್ಟುಕೊಳ್ಳಿ: ನಾವೇ ನಾಳೆ ಬದಲಿಸಬಹುದಾದ್ದು ಒಂದು, ಆಡಳಿತದ ಮೇಜಿಗೆ ಹೋಗಬೇಕಾದ್ದು ಇನ್ನೊಂದು. ಎರಡನೆಯ ಪಟ್ಟಿಯನ್ನು ಬಚ್ಚಿಟ್ಟರೆ ಒಂಟಿಮೇಜು ಹೇಳಿದ್ದೇ ಆಗುತ್ತದೆ.

ಅವಳಿಅಪ್ಪ

ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಾನು ಕೇಂದ್ರ ನಡೆಸುವವನಲ್ಲ, ಇಬ್ಬರು ಮಕ್ಕಳನ್ನು ಕಳಿಸುವವನು. ಇಷ್ಟು ಹೊತ್ತು ಓದಿದೆ, "ಅಪ್ಪ ಅಮ್ಮಂದಿರನ್ನು ಕೇಳೋಣ" ಅನ್ನುವ ಮಾತು ಎಲ್ಲೂ ಬರಲಿಲ್ಲ. ನಮ್ಮನ್ನು ಕೇಳುವುದು ಯಾವಾಗ ಅಂದರೆ "ನಮ್ಮ ಸೇವೆ ತೃಪ್ತಿಕರವೇ" ಅನ್ನುವ ಚೀಟಿಯಲ್ಲಿ. ಮಗು ದಿನಾ ಅವರ ಕೈಯಲ್ಲಿರುತ್ತದೆ, ನಾನು "ಅತೃಪ್ತಿಕರ" ಅಂತ ಬರೆಯುತ್ತೇನಾ?

ಪೆನ್ಸಿಲ್‌ತುದಿ

ಮಾತು ಸರಿ. ಅಮೆರಿಕದಲ್ಲಿ ಬಡ ಕುಟುಂಬದ ಪುಟ್ಟ ಮಕ್ಕಳಿಗಾಗಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಹೆಡ್ ಸ್ಟಾರ್ಟ್ ಕಾರ್ಯಕ್ರಮದ ನಿಯಮದಲ್ಲಿ ವರ್ಷಕ್ಕೆ ಒಮ್ಮೆಯಾದರೂ ಸ್ವಮೌಲ್ಯಮಾಪನ ಕಡ್ಡಾಯ, ಅದರಲ್ಲಿ ಸಿಬ್ಬಂದಿಯ ಜೊತೆ ಪೋಷಕರೂ ಇರಬೇಕು ಅಂತಲೂ ಇದೆ. ಆದರೆ ಒಂದು ಮಾತು. ಪೋಷಕರು ನೋಡುವುದು ಬಾಗಿಲಿನ ಎರಡು ಹೊತ್ತು. ಬೆಳಗಿನ ಹತ್ತೂವರೆಗೆ ಕೋಣೆ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿರುವುದಿಲ್ಲ.

ಅವಳಿಅಪ್ಪ

ಬಾಗಿಲಿನ ಎರಡು ಹೊತ್ತು ಕಡಿಮೆಯೇನಲ್ಲ ಸ್ವಾಮಿ. ನನ್ನ ಮಗಳು ಬಾಗಿಲಲ್ಲಿ ಅತ್ತಾಗ ಒಬ್ಬರು ಮಂಡಿಯೂರಿ ಕೂರುತ್ತಾರೆ, ಇನ್ನೊಬ್ಬರು ನನ್ನ ಜೊತೆ ಮಾತಾಡುತ್ತಲೇ ಕೈ ಹಿಡಿದು ಎಳೆದುಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಆಟದಲ್ಲಿ ಅವಳು ಗೊಂಬೆಗೆ "ಸುಮ್ನೆ ಕೂತ್ಕೋ" ಅಂತ ಹದಿನೈದು ಸಲ ಹೇಳುತ್ತಾಳೆ. ಈ ಎರಡನ್ನೂ ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ತೃಪ್ತಿ ಕೇಳಬೇಡಿ, ಏನು ಕಂಡಿರಿ ಅಂತ ಕೇಳಿ.

ಪೆನ್ಸಿಲ್‌ತುದಿ

ಸೋತೆ. ಗೊಂಬೆಯ ಮಾತನ್ನು ಬರೆದಿಟ್ಟುಕೊಂಡೆ.

ಐದುಕಂಬಳಿ

ನನ್ನದು ಮನೆಯಲ್ಲೇ ನಡೆಸುವ ಪಾಲನೆ. ಐದು ಮಕ್ಕಳು, ನಾನೊಬ್ಬಳೇ. ನನ್ನನ್ನು ನೋಡಲು ಪಕ್ಕದ ಕೋಣೆಯವರೂ ಇಲ್ಲ. ಕೂತು ಗಮನಿಸಲು ಹೋದರೆ ಮಕ್ಕಳನ್ನು ನೋಡುವವರು ಯಾರು? ನನ್ನಂಥವರು ಏನು ಮಾಡಬೇಕು?

ಪೆನ್ಸಿಲ್‌ತುದಿ

ಮನೆಯಲ್ಲಿ ನಡೆಸುವ ಪಾಲನೆಗೇ ಅಂತ ಈಸರ್ಸ್‌ನ ಅಕ್ಕತಂಗಿಯಂಥ ಅಳತೆಗೋಲು ಇದೆ, ಆದರೆ ಒಬ್ಬರೇ ಇರುವವರಿಗೆ ಅದು ಭಾರ. ನಿಮಗೆ ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಫೆರೆ ಲಾವರ್ಸ್ ಅವರ ದಾರಿ ಹೊಂದಬಹುದು. ಅವರು ಕೋಣೆಯನ್ನು ಬಿಟ್ಟು ಮಗುವನ್ನೇ ನೋಡಿ ಅಂದರು. ಎರಡೇ ಪ್ರಶ್ನೆ: ಮಗು ನಿರಾಳವಾಗಿದೆಯಾ, ಮಾಡುತ್ತಿರುವುದರಲ್ಲಿ ಮುಳುಗಿದೆಯಾ. ಎರಡಕ್ಕೂ 1ರಿಂದ 5. ಮುಳುಗುವಿಕೆಯಲ್ಲಿ 1 ಅಂದರೆ ಸುಮ್ಮನೆ ಕೂತಿದೆ, ಕಣ್ಣು ಎಲ್ಲೋ ಇದೆ. 5 ಅಂದರೆ ಪಕ್ಕದಲ್ಲಿ ಪಾತ್ರೆ ಬಿದ್ದರೂ ತಿರುಗಲ್ಲ.

ಒಂದು ಮಗುವಿಗೆ ಒಂದೆರಡು ನಿಮಿಷ ಸಾಕು. ಫೋನನ್ನು ಕಪಾಟಿನ ಮೇಲೆ ನಿಲ್ಲಿಸಿ ಹತ್ತು ನಿಮಿಷ ಚಿತ್ರೀಕರಿಸಿ, ಮಕ್ಕಳು ಮಲಗಿದಾಗ ನೋಡಿ. ಪೋಷಕರಿಂದ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ನೋಡಿದ ಮೇಲೆ ಅಳಿಸಿಬಿಡಿ, ಯಾರಿಗೂ ಕಳಿಸಬೇಡಿ. ಮೊದಲ ಸಲ ನಿಮ್ಮ ದನಿ ನಿಮಗೇ ಕೇಳಿಸಿಕೊಳ್ಳಲು ಆಗುವುದಿಲ್ಲ, ಅದಕ್ಕೆ ಸಿದ್ಧರಾಗಿ.

ಐದುಕಂಬಳಿ

ಹತ್ತು ನಿಮಿಷ ಹಿಡಿದೆ, ನೋಡಿದೆ. ಹತ್ತು ನಿಮಿಷದಲ್ಲಿ ನಾನು "ಬೇಡ" ಅಂದದ್ದು 22 ಸಲ. ಎರಡು ಸಲ ನೋಡಿ ಎಣಿಸಿದೆ. ನಾನು ತುಂಬ ಸಮಾಧಾನದ ಹೆಂಗಸು ಅಂದುಕೊಂಡಿದ್ದೆ. ಅದರಲ್ಲಿ 9 ಸಲ ಒಂದೇ ವಿಷಯಕ್ಕೆ, ಕೈಗೆಟುಕುವ ಎತ್ತರದಲ್ಲಿರುವ ಒಂದು ಡ್ರಾಯರ್. ಡ್ರಾಯರಿಗೆ ಬೀಗ ಹಾಕಿದೆ. ಉಳಿದ 13ರ ಜೊತೆ ನಾಳೆ ಜಗಳ.

ಮೂರನೇಕೋಣೆ

ಈ ಥ್ರೆಡ್‌ನಲ್ಲಿ ಬಂದ ಅತಿ ನಿಯತ್ತಿನ ಅಂಕ ಇದು.

ಬಾಗಿಲುಕಾಯುವವಳು (ಏಳು ವಾರದ ನಂತರ)

ಮಧ್ಯೆ ಬರೆಯಲಾಗಲಿಲ್ಲ. ಏನು ಮಾಡಿದೆವು, ಎಲ್ಲಿ ಕೆಟ್ಟಿತು, ಎರಡೂ ಹೇಳ್ತೀನಿ.

60 ಪ್ರಶ್ನೆಯನ್ನು ಪಕ್ಕಕ್ಕಿಟ್ಟೆ. ಮೂರನ್ನು ಮಾತ್ರ ಉಳಿಸಿಕೊಂಡೆವು, ಮೂರೂ ಎಣಿಸುವಂಥವು. ಯಾವ ಮಗುವನ್ನು ಯಾರೂ ಹೆಸರು ಹಿಡಿದು ಮಾತಾಡಿಸಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಮಕ್ಕಳು ಎಷ್ಟು ನಿಮಿಷ ಕಾದರು. ಹೌದು-ಇಲ್ಲ ಅಂತ ಉತ್ತರಿಸಿ ಮುಗಿಸಲಾಗದ ಪ್ರಶ್ನೆ ನಾವು ಎಷ್ಟು ಕೇಳಿದೆವು. ಒಂದು ಕೋಣೆಯವರು ಇನ್ನೊಂದು ಕೋಣೆಯಲ್ಲಿ 20 ನಿಮಿಷ ಕೂರಬೇಕು, ಬೇರೆ ಬೇರೆ ಹೊತ್ತಲ್ಲಿ ಮೂರು ಸಲ. ಅವರ ಜಾಗದಲ್ಲಿ ಅಷ್ಟು ಹೊತ್ತು ನಾನು. ಹಾಳೆಯ ಮೇಲೆ ಆಳಿನ ಹೆಸರಿಲ್ಲ, ಕೋಣೆ ಮತ್ತು ಗಂಟೆ ಮಾತ್ರ. ಶುರುವಿಗೆ ಮೊದಲು ಇಬ್ಬಿಬ್ಬರು ಒಂದೇ ಕೋಣೆಯನ್ನು ಒಂದೇ ಹೊತ್ತಲ್ಲಿ ನೋಡಿ ಹಾಳೆ ಹೋಲಿಸಿದರು. "ಕಾಯುವುದು" ಅಂದರೆ ಏನು ಅನ್ನುವುದರ ಮೇಲೇ ಅರ್ಧ ಗಂಟೆ ವಾದ. ಹಾಡು ಹೇಳಿಸ್ತಾ ಕೂರಿಸಿದರೆ ಕಾದಂತೆಯೋ ಅಲ್ಲವೋ? ಕಾದಂತೆಯೇ ಅಂತ ತೀರ್ಮಾನ ಆಯಿತು. ಹಾಡು ಮಕ್ಕಳಿಗಾಗಿ ಇರಲಿಲ್ಲ, ಸಾಲು ಕೆಡದಿರಲಿ ಅಂತ ಇತ್ತು.

ಸಿಕ್ಕಿದ್ದು ಇದು. ಮೂರರಿಂದ ನಾಲ್ಕು ವರ್ಷದವರ ಕೋಣೆಯಲ್ಲಿ ಊಟಕ್ಕೆ ಮುಂಚೆ ಕೈ ತೊಳೆಯುವ ಸಾಲು, 13 ಮಕ್ಕಳು, ಒಂದು ನಲ್ಲಿ, 19 ನಿಮಿಷ. ದಿನದಲ್ಲಿ ಅತಿ ಹೆಚ್ಚು ಕಚ್ಚಾಟ, ತಳ್ಳಾಟ ನಡೆಯುತ್ತಿದ್ದದ್ದೂ ಅದೇ 19 ನಿಮಿಷದಲ್ಲಿ. ಅಲ್ಲಿಯವರೆಗೆ ನಾವು ಅದನ್ನು "ಆ ಇಬ್ಬರು ಹುಡುಗರ ಸ್ವಭಾವ" ಅಂತ ಕರೀತಿದ್ದೆವು. ಈಗ ನಾಲ್ಕು ನಾಲ್ಕು ಜನರನ್ನು ಕರೆಯುತ್ತೇವೆ, ಉಳಿದವರು ಆಡ್ತಾ ಇರ್ತಾರೆ. ಒಂದೇ ವಾರದಲ್ಲಿ 6 ನಿಮಿಷಕ್ಕೆ ಇಳಿಯಿತು. ಆ ಇಬ್ಬರ ಸ್ವಭಾವವೂ ಸುಧಾರಿಸಿತು ಅನ್ನಿ! ಐದನೇ ವಾರ ಮತ್ತೆ 11ಕ್ಕೆ ಏರಿತು. ನೋಡಿದರೆ ಎರಡು ದಿನ ಒಬ್ಬರು ರಜೆ, ಇದ್ದ ಒಬ್ಬರು ಹಳೆ ಸಾಲಿಗೇ ಮರಳಿದ್ದರು. ಇದು ಪೆನ್ಸಿಲ್‌ತುದಿ ಹೇಳಿದ ಎರಡನೇ ಪಟ್ಟಿಗೆ ಹೋಯಿತು: ಬದಲಿ ಆಳು, ಇನ್ನೊಂದು ನಲ್ಲಿ.

ಕೆಟ್ಟದ್ದು ಹೆಸರಿನ ವಿಷಯ. ಎರಡರಿಂದ ಮೂರು ವರ್ಷದವರ ಕೋಣೆಯಲ್ಲಿ 11 ಮಕ್ಕಳು. ಮೂರು ಸಲದ ವೀಕ್ಷಣೆಯಲ್ಲೂ ಮೂವರನ್ನು ಯಾರೂ ಮಾತಾಡಿಸಿರಲಿಲ್ಲ. ನಾನು ಜಾಣೆ, ಕಪಾಟಿನ ಬಾಗಿಲ ಒಳಗೆ ಹೆಸರಿನ ಪಟ್ಟಿ ಅಂಟಿಸಿ "ಮಾತಾಡಿಸಿದ ಮೇಲೆ ಟಿಕ್ ಹಾಕಿ" ಅಂದೆ. ಎರಡು ದಿನದಲ್ಲಿ ಹಾಜರಿ ಕೂಗಿದ ಹಾಗೆ ಆಯಿತು. ಹೆಸರು ಕೂಗೋದು, ಮಗು ತಿರುಗೋದು, ಟಿಕ್. ಎಲ್ಲ ಮಕ್ಕಳಿಗೂ ಟಿಕ್ ಬಿತ್ತು, ಮಾತು ಯಾರಿಗೂ ಸಿಗಲಿಲ್ಲ.

ಪೆನ್ಸಿಲ್‌ತುದಿ

ಇದಕ್ಕೆ ಹೆಸರೇ ಇದೆ, ಗುಡ್‌ಹಾರ್ಟ್ ನಿಯಮ. ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ್ದು, ಈಗ ಈ ರೂಪದಲ್ಲಿ ಎಲ್ಲ ಕಡೆ ಓಡಾಡುತ್ತಿದೆ: ಅಳತೆಯೇ ಗುರಿಯಾಯಿತೆಂದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಟಿಕ್ ತೆಗೆದು ಏನು ಇಟ್ಟಿರಿ?

ಬಾಗಿಲುಕಾಯುವವಳು

ಮೂರನೇಕೋಣೆಯವರು ನನಗೆ ಖಾಸಗಿಯಾಗಿ ಬರೆದು ಒಂದು ಉಪಾಯ ಕೊಟ್ಟರು, ಅದನ್ನೇ ಹಿಡಿದೆವು. ಮಕ್ಕಳು ಮಲಗಿದ ಮೇಲೆ ಪ್ರತಿ ಮಗುವಿನ ಬಗ್ಗೆ ಆ ಬೆಳಗ್ಗೆ ಅದು ಹೇಳಿದ ಅಥವಾ ಮಾಡಿದ ಒಂದು ವಿಷಯ, ಒಂದೇ ಸಾಲಿನಲ್ಲಿ. ಯಾರ ಮುಂದೆ ಬರೆಯಲು ಏನೂ ನೆನಪಾಗಲ್ಲವೋ ಆ ಜಾಗ ಖಾಲಿ ಬಿಡಬೇಕು, ತುಂಬಿಸುವ ಹಾಗಿಲ್ಲ. ಖಾಲಿ ಬಿಟ್ಟವರನ್ನು ಮಧ್ಯಾಹ್ನ ಎದ್ದಾಗ ಮೊದಲು ಹೋಗಿ ಮಾತಾಡಿಸೋದು. ಟಿಕ್ ಸುಳ್ಳು ಹಾಕಬಹುದು. "ಗಾಲಿಗೆ ಕಾಲು ಎಲ್ಲಿ ಅಂತ ಕೇಳಿದ" ಅನ್ನೋದನ್ನ ಸುಳ್ಳು ಬರೆಯೋದು ಕಷ್ಟ.

ಒಂಟಿಮೇಜು

ಒಟ್ಟು ಅಂಕ ಏನಾಯಿತು?

ಬಾಗಿಲುಕಾಯುವವಳು

ಅದನ್ನೇ ಕೇಳ್ತೀರ ಅಂತ ಗೊತ್ತಿತ್ತು. ಆಡಳಿತ ಮಂಡಳಿಯವರೂ ಅದನ್ನೇ ಕೇಳಿದರು. 60ರಲ್ಲಿ 20 ಪ್ರಶ್ನೆಯನ್ನು ಮೆಟ್ಟಿಲಿನ ರೀತಿ ತಿದ್ದಿ, ನೋಡಿದ್ದಕ್ಕೆ ಮಾತ್ರ ಅಂಕ ಕೊಟ್ಟೆವು. 2.9 ಬಂತು. "ಎರಡು ತಿಂಗಳಲ್ಲಿ ಗುಣಮಟ್ಟ ಇಷ್ಟು ಬಿದ್ದದ್ದು ಯಾಕೆ" ಅಂತ ಒಬ್ಬರು ಗಂಭೀರವಾಗಿ ಕೇಳಿದರು. ಸಾಲಿನ 19 ನಿಮಿಷದ ಕಥೆ ಹೇಳಿದೆ. ಅವರು ತಲೆ ಆಡಿಸಿದರು, ಆದರೆ ವರದಿಯಲ್ಲಿ 2.9 ಬರೆಯೋದು ಬೇಡ ಅಂದರು. ನಾನು ಬರೆದೆ. ಅದರ ಪಕ್ಕ ಎರಡನೇ ನಲ್ಲಿಯ ಬೇಡಿಕೆಯನ್ನೂ ಬರೆದೆ. ನಲ್ಲಿ ಇನ್ನೂ ಬಂದಿಲ್ಲ.

ಅವಳಿಅಪ್ಪ

2.9 ಅಂತ ಬಾಗಿಲಲ್ಲಿ ಹಾಕಿ, ಜೊತೆಗೆ ಏನು ಮಾಡ್ತಿದ್ದೀರಿ ಅಂತ ಹಾಕಿ. ನಾನಾಗಿದ್ದರೆ 4.6ರ ಕೇಂದ್ರ ಬಿಟ್ಟು ಅಲ್ಲಿಗೆ ಸೇರಿಸ್ತಿದ್ದೆ.

ಒಂಟಿಮೇಜು

ನೀವು ಸೇರಿಸ್ತೀರಿ. ಉಳಿದ ನಲವತ್ತು ಪೋಷಕರು ಸಂಖ್ಯೆ ನೋಡಿ ಓಡಿಹೋಗ್ತಾರೆ. ಸುಧಾರಣೆಗೆ ಮಾಡಿಕೊಂಡ ಅಂಕವನ್ನು ಬಾಗಿಲಲ್ಲಿ ಹಾಕಿದ ದಿನವೇ ಎಲ್ಲರೂ ಮತ್ತೆ 5 ಹಾಕಲು ಶುರುಮಾಡ್ತಾರೆ.

ಅವಳಿಅಪ್ಪ

ಹಾಗಾದರೆ ಸಂಖ್ಯೆ ಬೇಡ, ಸಾಲಿನ ಕಥೆ ಹಾಕಿ.

ಐದುಕಂಬಳಿ

"ಬೇಡ" ಈಗ ಹತ್ತು ನಿಮಿಷಕ್ಕೆ 7. ಒಂದು ದಿನ 15 ಇತ್ತು, ಆವತ್ತು ನನಗೆ ತಲೆನೋವು. ಕಿಟಕಿಯ ಹುಡುಗ ಹೇಗಿದ್ದಾನೆ?

ಬಾಗಿಲುಕಾಯುವವಳು

ಕೇಳಿದ್ದು ಒಳ್ಳೆಯದಾಯಿತು. ಮೂರನೇ ವಾರ ಅವನ ಸಾಲು ನಾಲ್ಕು ದಿನ ಖಾಲಿ ಇತ್ತು. ಮಾತು ತಡವೇನೋ, ಪೋಷಕರನ್ನು ಕರೆದು ಹೇಳಬೇಕೇನೋ ಅಂತ ನಾವೆಲ್ಲ ಕೂತು ಯೋಚಿಸ್ತಿದ್ದೆವು. ಕೋಣೆ ಗುಡಿಸಲು ಬರುವವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಅವನಾ? ಅವನು ಸಾಯಂಕಾಲ ನನ್ನ ಹಿಂದೆ ಹಿಂದೇ ಬರ್ತಾನಲ್ಲ, ಬಾಯಿ ಮುಚ್ಚಲ್ಲ" ಅಂದರು. ಬಕೆಟ್ಟಿನ ಕೆಳಗಿನ ಚಕ್ರ ಅವನಿಗೆ ಇಷ್ಟ ಅಂತೆ. ಒಂದು ಚಕ್ರ ಕಿರುಗುಟ್ಟುತ್ತೆ, ಅದು ಯಾವುದು ಅಂತ ದಿನಾ ಅವನೇ ತೋರಿಸ್ತಾನಂತೆ.

ನಮ್ಮ ಮೌಲ್ಯಮಾಪನದ ಫಾರಂ ಅವರಿಗೆ ಕೊಟ್ಟೇ ಇರಲಿಲ್ಲ. ಅಡುಗೆಯವರಿಗೂ ಕೊಟ್ಟಿರಲಿಲ್ಲ. ಈ ಸಲ ಇಬ್ಬರನ್ನೂ ಕೂರಿಸಿಕೊಳ್ಳೋಣ ಅಂತ ಹೋಗಿ ಕೇಳಿದೆ. "ಅಂಕ ಗಿಂಕ ಹಾಕೋಕೆ ನನಗೆ ಬರಲ್ಲಮ್ಮ, ನಾನು ಹೇಳ್ತೀನಿ ನೀವು ಬರ್ಕೊಳ್ಳಿ" ಅಂದರು. ನಾಳೆ ಮೂರು ಗಂಟೆಗೆ ಕೂರ್ತೀವಿ.

ಮೂರನೇಕೋಣೆ

ಬರ್ಕೊಳ್ಳುವಾಗ ಅವರ ಹೆಸರು ಹಾಕ್ಬೇಡಿ ಮೇಡಂ.